ಪಾಶ್ಚಾತ್ಯ ನೀತಿ ಚಿಂತಕರಲ್ಲಿ ಮೊದಲು ಯಾರನ್ನು ಓದುವುದು?

"ಪಾಶ್ಚಾತ್ಯ ನೀತಿಶಾಸ್ತ್ರವನ್ನು ಒಂದಿಷ್ಟು ಓದಬೇಕು ಅಂತಿದ್ದೇನೆ, ಯಾರಿಂದ ಶುರು ಮಾಡಲಿ?" ಈ ಪ್ರಶ್ನೆ ಕೇಳುವವರು ಮೂರು ಬಗೆಯವರು. ಯುಪಿಎಸ್‌ಸಿ ಪರೀಕ್ಷೆಗೆ ತಯಾರಿ ನಡೆಸಿರುವವರು ಒಂದು ಬಗೆ. ಮನೆಯಲ್ಲೋ ಕಚೇರಿಯಲ್ಲೋ ಯಾವುದೋ ತೀರ್ಮಾನ ತೆಗೆದುಕೊಳ್ಳಲಾಗದೆ ಒದ್ದಾಡುತ್ತಿರುವವರು ಇನ್ನೊಂದು. ನಮ್ಮಲ್ಲಿಯ ಧರ್ಮವಿಚಾರ ಅಷ್ಟಿಷ್ಟು ಗೊತ್ತಿದೆ, ಆ ಕಡೆಯವರು ಏನೆಂದರು ನೋಡೋಣ ಎನ್ನುವ ಕುತೂಹಲಿಗಳು ಮತ್ತೊಂದು. ಮೂವರ ಕೈಗೂ ಒಂದೇ ಪಟ್ಟಿ ಕೊಟ್ಟರೆ ಯಾರಿಗೂ ಉಪಯೋಗವಾಗುವುದಿಲ್ಲ.

ಆದರೂ ಹೆಚ್ಚಿನವರು ಹಿಡಿಯುವುದು ಒಂದೇ ದಾರಿ. ಪ್ಲೇಟೊನಿಂದ ಹೊರಟು ಕಾಲಾನುಕ್ರಮದಲ್ಲಿ ಎಲ್ಲರನ್ನೂ ಮುಗಿಸುತ್ತೇನೆಂದು ಸಂಕಲ್ಪ ಮಾಡುತ್ತಾರೆ, ಹತ್ತು ಭಾಗಗಳ ‘ರಿಪಬ್ಲಿಕ್’ನ ಮೂರನೆಯ ಭಾಗದ ಹೊತ್ತಿಗೆ ಸುಸ್ತಾಗುತ್ತಾರೆ. ಇಲ್ಲವೇ ಕಾಂಟ್ ಎಲ್ಲರಿಗಿಂತ ದೊಡ್ಡವನಂತೆ ಎಂದು ಕೇಳಿ ನೇರ ಅವನಿಗೇ ಕೈಹಾಕಿ, ಮುನ್ನುಡಿ ದಾಟದೆ ಪುಸ್ತಕ ಮುಚ್ಚಿಡುತ್ತಾರೆ. ಓದುವ ಶಕ್ತಿ ಅವರಲ್ಲಿ ಕಡಿಮೆ ಇತ್ತು ಅಂತಲ್ಲ, ಬಾಗಿಲು ತಪ್ಪಿತು. ನೀತಿಶಾಸ್ತ್ರವನ್ನು ಇತಿಹಾಸದ ಪಾಠದಂತೆ ಮೊದಲಿನಿಂದ ಕೊನೆಯವರೆಗೆ ಓದಬೇಕಾಗಿಲ್ಲ. ನಿಮ್ಮನ್ನು ಈಗಾಗಲೇ ಕಾಡುತ್ತಿರುವ ಪ್ರಶ್ನೆ ಯಾವುದೋ, ಅದನ್ನು ಮೈಮೇಲೆ ಎಳೆದುಕೊಂಡವನ ಹತ್ತಿರ ಮೊದಲು ಹೋಗಬೇಕು. ಉಳಿದವರು ಆಮೇಲೆ ತಾವಾಗಿಯೇ ಬರುತ್ತಾರೆ, ಏಕೆಂದರೆ ಇವರೆಲ್ಲ ಒಬ್ಬರೊಡನೊಬ್ಬರು ಜಗಳವಾಡಿಕೊಂಡೇ ಬರೆದವರು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಪ್ರಶ್ನೆ. ಈ ಚಿಂತಕರನ್ನೆಲ್ಲ ಸ್ಥೂಲವಾಗಿ ಮೂರು ಪ್ರಶ್ನೆಗಳ ಸುತ್ತ ಕೂರಿಸಬಹುದು. ಈ ಸಂದರ್ಭದಲ್ಲಿ ನಾನು ಮಾಡಬೇಕಾದ್ದೇನು? ನಾನು ಎಂಥ ಮನುಷ್ಯನಾಗಬೇಕು? ನನ್ನ ಕೈಮೀರಿದ್ದನ್ನು ಹೇಗೆ ತಾಳಿಕೊಳ್ಳಲಿ? ಮೊದಲನೆಯದಕ್ಕೆ ಕಾಂಟ್ ಮತ್ತು ಮಿಲ್, ಎರಡನೆಯದಕ್ಕೆ ಅರಿಸ್ಟಾಟಲ್, ಮೂರನೆಯದಕ್ಕೆ ಸ್ಟೋಯಿಕರು, ಅಂದರೆ ಬಂದದ್ದನ್ನು ಸಮಚಿತ್ತದಿಂದ ತಾಳಬೇಕೆಂದ ಪ್ರಾಚೀನ ಗ್ರೀಕ್-ರೋಮನ್ ಪಂಥದವರು. ಸಾಕ್ರಟೀಸ್ ಈ ಮೂರಕ್ಕೂ ಹಿಂದೆ ನಿಂತು ಪ್ರಶ್ನೆಯನ್ನೇ ಪ್ರಶ್ನಿಸುತ್ತಾನೆ.

ಎರಡನೆಯದು, ಗಾತ್ರ ಮತ್ತು ಭಾಷೆ. ಒಂದು ಸಂಜೆಗೆ ಮುಗಿಯುವ ಕೃತಿಯೂ ಇದೆ, ಮೂರು ತಿಂಗಳು ಬೇಡುವ ಕೃತಿಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅನುವಾದಗಳ ಉದ್ದುದ್ದ ವಾಕ್ಯಗಳು ವಿಷಯಕ್ಕಿಂತ ದೊಡ್ಡ ಅಡ್ಡಿಯಾಗುತ್ತವೆ.

ಮೂರನೆಯದು, ಅರ್ಧಕ್ಕೆ ಬಿಟ್ಟರೂ ಏನಾದರೂ ದಕ್ಕುತ್ತದೆಯೇ ಎನ್ನುವುದು. ಕೆಲಸ, ಮಕ್ಕಳು, ಬಸ್ಸಿನ ಓಡಾಟದ ನಡುವೆ ಓದುವವರಿಗೆ ಇದು ಸಣ್ಣ ಮಾತಲ್ಲ.

ನಾಲ್ಕನೆಯದು, ಈ ಚಿಂತಕ ಎಲ್ಲಿ ಎಡವುತ್ತಾನೆ, ‘ಮನುಷ್ಯ’ ಎನ್ನುವಾಗ ಯಾರನ್ನು ಹೊರಗಿಟ್ಟಿದ್ದಾನೆ ಎನ್ನುವುದು. ಇದನ್ನು ಮುಚ್ಚಿಟ್ಟು ಯಾರನ್ನೂ ಶಿಫಾರಸು ಮಾಡಬಾರದು ಅನ್ನುವುದು ನನ್ನ ನಂಬಿಕೆ.

ಜೊತೆಗೆ ಒಂದು ಸಮಾನ ಪರೀಕ್ಷೆಯೂ ಬೇಕು. ನಮ್ಮ ಮನೆಗಳಲ್ಲಿ ನಿಜವಾಗಿ ನಡೆಯುವ ಸಂಗತಿಯೊಂದನ್ನೇ ತೆಗೆದುಕೊಳ್ಳೋಣ. ಎಪ್ಪತ್ತು ದಾಟಿದ ಅಪ್ಪನಿಗೆ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿದೆ. ಮಕ್ಕಳು ಡಾಕ್ಟರ ಕೋಣೆಯ ಹೊರಗೆ ನಿಂತು, "ಅವರಿಗೆ ಹೇಳಬೇಡಿ ಡಾಕ್ಟ್ರೇ, ಕುಸಿದುಹೋಗ್ತಾರೆ. ಹೊಟ್ಟೆ ಹುಣ್ಣು ಅಂತ ಹೇಳಿಬಿಡೋಣ" ಎನ್ನುತ್ತಾರೆ. ಹೇಳಬೇಕೇ, ಬೇಡವೇ? ಒಬ್ಬೊಬ್ಬ ಚಿಂತಕನೂ ಇಲ್ಲಿ ಯಾವ ಮಾತು ಎತ್ತುತ್ತಾನೆಂದು ನೋಡಿದರೆ ಅವನ ಬಲವೂ ತಿಳಿಯುತ್ತದೆ, ದೌರ್ಬಲ್ಯವೂ ತಿಳಿಯುತ್ತದೆ.

ಸಾಕ್ರಟೀಸ್: ಒಂದು ಸಂಜೆ ಮಾತ್ರ ಇದ್ದರೆ

ಸಾಕ್ರಟೀಸ್ ತಾನು ಏನನ್ನೂ ಬರೆಯಲಿಲ್ಲ. ಅವನು ನಮಗೆ ಸಿಗುವುದು ಹೆಚ್ಚಾಗಿ ಶಿಷ್ಯ ಪ್ಲೇಟೊ ಬರೆದ ಸಂವಾದಗಳಲ್ಲಿ. ‘ರಿಪಬ್ಲಿಕ್’ ಈಗ ಬೇಡ. ‘ಕ್ರೀಟೊ’ ಎಂಬ ಪುಟ್ಟ ಸಂವಾದ ಸಾಕು.

ಕ್ರಿ.ಪೂ. 399. ಅಥೆನ್ಸಿನ ಸೆರೆಮನೆ, ಮರಣದಂಡನೆಗೆ ಗುರಿಯಾದ ಸಾಕ್ರಟೀಸ್ ಒಳಗಿದ್ದಾನೆ, ಇನ್ನೂ ಬೆಳಕು ಹರಿದಿಲ್ಲ. ಗೆಳೆಯ ಕ್ರೀಟೊ ಬಂದು ಬಹಳ ಹೊತ್ತಿನಿಂದ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾನೆ. ಸಾವು ಇಷ್ಟು ಹತ್ತಿರ ಬಂದಿರುವಾಗಲೂ ಸಾಕ್ರಟೀಸ್ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿರುವುದನ್ನು ನೋಡಿ ಎಬ್ಬಿಸಲು ಮನಸ್ಸು ಬಂದಿಲ್ಲ. ಎಚ್ಚರವಾದ ಮೇಲೆ ತಾನು ಬಂದ ಕಾರಣ ಹೇಳುತ್ತಾನೆ. ದುಡ್ಡು ಸಿದ್ಧವಾಗಿದೆ, ಥೆಸಲಿಯಲ್ಲಿ ಆಶ್ರಯ ಕೊಡುವ ಸ್ನೇಹಿತರಿದ್ದಾರೆ, ತಪ್ಪಿಸಿಕೊಂಡು ಹೋಗು. ನೀನು ಸತ್ತರೆ ನಿನ್ನ ಗಂಡುಮಕ್ಕಳ ಗತಿಯೇನು? ಗೆಳೆಯನಿಗಿಂತ ದುಡ್ಡೇ ಹೆಚ್ಚಾಯಿತು ಇವರಿಗೆ ಎಂದು ಊರವರು ನಮ್ಮನ್ನು ಆಡಿಕೊಳ್ಳುವುದಿಲ್ಲವೇ? ನಮ್ಮ ಬಂಧುಬಳಗದವರು ಆಡುವ ಮಾತೇ ಇದು. ಸಾಕ್ರಟೀಸ್ ಒಂದೊಂದನ್ನೂ ಬಿಡಿಸಿ ನೋಡುತ್ತಾನೆ. ಊರವರ ಮಾತಿಗೆ ಎಷ್ಟು ಬೆಲೆ? ಅನ್ಯಾಯಕ್ಕೆ ಪ್ರತಿಯಾಗಿ ಅನ್ಯಾಯ ಮಾಡಬಹುದೇ? ಮಾಡಬಾರದು ಎಂದು ಇಷ್ಟು ವರ್ಷ ನಾವಿಬ್ಬರೂ ಒಪ್ಪಿಕೊಂಡು ಬಂದದ್ದು ಸಾವು ಎದುರಿಗೆ ನಿಂತಿತೆಂದು ಸುಳ್ಳಾಗಿಬಿಡುತ್ತದೆಯೇ?

ಓದಲು ಸಲೀಸು, ಪರಿಭಾಷೆ ಇಲ್ಲವೇ ಇಲ್ಲ, ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ. ವಾದದಲ್ಲಿ ಒಂದು ಹೆಜ್ಜೆ ಆದಮೇಲೆ ಇನ್ನೊಂದು ಹೆಜ್ಜೆ ಇಡುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪುಸ್ತಕ ನನಗೆ ಗೊತ್ತಿಲ್ಲ. ನ್ಯಾಯಾಲಯದಲ್ಲಿ ಸಾಕ್ರಟೀಸ್ ಆಡಿದ ಮಾತುಗಳ ‘ಅಪಾಲಜಿ’ಯನ್ನೂ ಜೊತೆಗೇ ಓದಬಹುದು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧೀಜಿ 1908ರಲ್ಲಿ ಅದನ್ನು ಗುಜರಾತಿಯಲ್ಲಿ ಸಂಗ್ರಹಿಸಿ ತಮ್ಮ ಪತ್ರಿಕೆಯ ಓದುಗರಿಗೆ ಕೊಟ್ಟಿದ್ದರು.

ಕೊರತೆಯೇನೆಂದರೆ, ಇತ್ಯರ್ಥ ಬೇಕಾದವರಿಗೆ ಸಾಕ್ರಟೀಸ್ ಸಿಟ್ಟು ತರಿಸುತ್ತಾನೆ. ‘ಯೂಥಿಫ್ರೊ’ದಲ್ಲಿ ಹೆತ್ತ ತಂದೆಯ ಮೇಲೇ ಕೊಲೆ ಮೊಕದ್ದಮೆ ಹೂಡಲು ಹೊರಟ ಮಗನೊಬ್ಬನಿದ್ದಾನೆ. ಕೊಲೆ ಮಾಡಿದ ಕೂಲಿಯವನೊಬ್ಬನನ್ನು ತಂದೆ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿದ್ದ, ಆತ ಅಲ್ಲೇ ಹಸಿವು ಚಳಿಗೆ ಸತ್ತ. ಮಗ ಮಾಡುತ್ತಿರುವುದು ಸರಿಯೇ? ಸಂವಾದ ಮುಗಿದರೂ ಉತ್ತರ ಸಿಗುವುದಿಲ್ಲ. ನಮ್ಮ ಆಸ್ಪತ್ರೆಯ ಪ್ರಸಂಗದಲ್ಲೂ ಅವನು ಮಕ್ಕಳನ್ನು ಕೂರಿಸಿಕೊಂಡು ಕೇಳುತ್ತಿದ್ದುದು ಇಷ್ಟೇ ಇರುತ್ತಿತ್ತು: ನೀವು ಕಾಯುತ್ತಿರುವುದು ಅಪ್ಪನ ನೆಮ್ಮದಿಯನ್ನೋ ನಿಮ್ಮದನ್ನೋ?

ಕಾಂಟ್: ನೇರಕ್ಕೆ ನಿಲ್ಲುವವರಿಗೆ

ಇಮ್ಯಾನುಯೆಲ್ ಕಾಂಟ್ (1724–1804) ಪ್ರಷ್ಯಾದ ಕೋನಿಗ್ಸ್‌ಬರ್ಗಿನವನು. 1785ರಲ್ಲಿ ಬಂದ ಅವನ ‘ಗ್ರೌಂಡ್‌ವರ್ಕ್’ ತೆಳು ಪುಸ್ತಕ, ಮೂರೇ ಅಧ್ಯಾಯ. ತೆಳು ಎಂದು ಮೋಸಹೋಗಬೇಡಿ, ಇಲ್ಲಿ ಹೇಳುತ್ತಿರುವ ಎಲ್ಲದಕ್ಕಿಂತ ಪುಟವಾರು ಕಷ್ಟ ಇದರಲ್ಲೇ ಹೆಚ್ಚು. ಮುನ್ನುಡಿ ಬಿಡಿ. ಮೊದಲ ಅಧ್ಯಾಯದಿಂದ ಶುರು ಮಾಡಿ ಎರಡನೆಯದರ ಅರ್ಧದವರೆಗೆ ಓದಿ. ಮೂರನೆಯ ಅಧ್ಯಾಯವನ್ನು ವರ್ಷ ಬಿಟ್ಟು ನೋಡಿದರೂ ನಡೆಯುತ್ತದೆ.

ಮೊದಲ ಅಧ್ಯಾಯದಲ್ಲೇ ಒಬ್ಬ ಅಂಗಡಿಯವನಿದ್ದಾನೆ. ವ್ಯವಹಾರ ತಿಳಿಯದ ಗಿರಾಕಿಗೂ ಅವನು ಹೆಚ್ಚು ಬೆಲೆ ಹಾಕುವುದಿಲ್ಲ, ಚಿಕ್ಕ ಮಗು ಬಂದರೂ ಎಲ್ಲರಿಗೆ ಕೊಟ್ಟ ದರಕ್ಕೇ ಕೊಡುತ್ತಾನೆ. ಒಳ್ಳೆಯವನೇ ಅಲ್ಲವೇ? ಕಾಂಟ್ ತಡೆಯುತ್ತಾನೆ. ಮೋಸ ಮಾಡಿದರೆ ವ್ಯಾಪಾರ ಕೆಡುತ್ತದೆ ಎಂಬ ಲೆಕ್ಕಕ್ಕೆ ಪ್ರಾಮಾಣಿಕನಾಗಿದ್ದರೆ, ಅವನು ಮಾಡಿದ ಕೆಲಸ ಸರಿಯಿದೆ, ಆದರೆ ಅದರಲ್ಲಿ ನೀತಿಯ ಬೆಲೆ ಇಲ್ಲ. ನಾಳೆ ಮೋಸದಲ್ಲೇ ಲಾಭ ಕಂಡರೆ ಅವನು ಯಾಕೆ ನಿಲ್ಲುತ್ತಾನೆ? ಸರಿಯೆಂಬ ಒಂದೇ ಕಾರಣಕ್ಕೆ ಸರಿಯಾದದ್ದನ್ನು ಮಾಡುವುದು, ಅಷ್ಟಕ್ಕೆ ಮಾತ್ರ ಕಾಂಟ್ ತಲೆಬಾಗುತ್ತಾನೆ. ಗೀತೆಯ ನಿಷ್ಕಾಮಕರ್ಮ ಕೇಳಿ ಬೆಳೆದವರಿಗೆ ಇದು ಪರಿಚಿತ ಮಾತೆನಿಸಬಹುದು. ಆದರೆ ಇಲ್ಲಿ ಕರ್ತವ್ಯವನ್ನು ನಿಗದಿ ಮಾಡುವುದು ಹುಟ್ಟೂ ಅಲ್ಲ, ಶಾಸ್ತ್ರವೂ ಅಲ್ಲ, ದೇವರ ಅಪ್ಪಣೆಯೂ ಅಲ್ಲ. ನಿನ್ನದೇ ವಿಚಾರಶಕ್ತಿ. ನೀನು ಹಿಡಿದ ನಿಯಮ ಎಲ್ಲರ ನಿಯಮವೂ ಆಗಬಲ್ಲುದೇ ಎಂದು ಕೇಳಿಕೋ. ಯಾವ ಮನುಷ್ಯನನ್ನೂ, ನಿನ್ನನ್ನೂ ಸೇರಿಸಿ, ಬರೀ ಸಾಧನವಾಗಿ ಬಳಸಬೇಡ. ಈ ಎರಡನೆಯ ಮಾತಿನ ಮುಂದೆ ಯಾವ ಮೇಲುಕೀಳೂ ನಿಲ್ಲುವುದಿಲ್ಲ. ಕಾಂಟನನ್ನು ಓದಲು ಪಡುವ ಪಾಡಿಗೆ ನನ್ನ ಪ್ರಕಾರ ಅದೊಂದೇ ಸಾಕು.

ಹಾಗಿದ್ದರೆ ಆಸ್ಪತ್ರೆಯಲ್ಲಿ? ಕಾಂಟ್ ಸುಳ್ಳಿಗೆ ಒಪ್ಪುವವನಲ್ಲ. 1797ರ ಪ್ರಬಂಧವೊಂದರಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕಿಲ್ಲ ಎಂದು ವಾದಿಸಿದ. ಇಲ್ಲಿಗೆ ಬಂದಾಗ ಬಹಳಷ್ಟು ಓದುಗರು ಕಾಂಟನ ಕೈಬಿಡುತ್ತಾರೆ. ನನಗೂ ಈ ಪ್ರಬಂಧ ಒಪ್ಪಿಗೆಯಿಲ್ಲ. ಆದರೆ 1792ರಲ್ಲಿ ಅವನು ಮರಿಯಾ ಫಾನ್ ಹರ್ಬರ್ಟ್ ಎಂಬಾಕೆಗೆ ಬರೆದ ಪತ್ರವನ್ನೂ ನೋಡಬೇಕು. ತನ್ನ ಹಿಂದಿನ ಪ್ರೇಮವನ್ನು ಮುಚ್ಚಿಟ್ಟು, ಆಮೇಲೆ ಹೇಳಿಕೊಂಡು, ಪ್ರೀತಿಸಿದವನ ಒಲವು ಕಳೆದುಕೊಂಡು ಹತಾಶಳಾಗಿ ಆಕೆ ಕಾಂಟನಿಗೆ ಬರೆದಿದ್ದಳು. ಮನಸ್ಸಿನಲ್ಲಿರುವುದನ್ನೆಲ್ಲ ಹೇಳದಿರುವುದು ಬೇರೆ, ಹೇಳಿದ್ದು ಸುಳ್ಳಾಗಿರುವುದು ಬೇರೆ ಎಂದು ಅವನು ಅಲ್ಲಿ ಬಿಡಿಸಿ ಹೇಳುತ್ತಾನೆ. ಹೀಗೆ ನೋಡಿದರೆ ಅಪ್ಪ ಕೇಳದೇ ಇದ್ದಾಗ ಎಲ್ಲವನ್ನೂ ಮುಂದಿಡದಿರಲು ಕಾಂಟನಲ್ಲಿ ಜಾಗವಿದೆ. ‘ಹೊಟ್ಟೆ ಹುಣ್ಣು’ ಎನ್ನಲು ಇಲ್ಲ. ಅದು ಅಪ್ಪನ ಬದುಕಿನ ತೀರ್ಮಾನವನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ.

ಎಲ್ಲ ಮನುಷ್ಯರ ಘನತೆಯ ಬಗ್ಗೆ ಇಷ್ಟು ಬರೆದ ಕಾಂಟನೇ ಯುರೋಪಿನಾಚೆಯ ಜನರ ಬಗ್ಗೆ ಬೇರೆ ಬರಹಗಳಲ್ಲಿ ನಾಚಿಕೆಗೇಡಿನ ಮಾತು ಆಡಿದ್ದಾನೆ. ಅವನ ಸೂತ್ರವನ್ನೇ ಹಿಡಿದು ಅವನನ್ನು ಕೇಳಬಹುದು, ಕೇಳಬೇಕು.

ಮಿಲ್: ಫಲ ನೋಡಿ ನಿರ್ಧರಿಸುವವರಿಗೆ

ಜಾನ್ ಸ್ಟುವರ್ಟ್ ಮಿಲ್ (1806–1873) ಬರೆದ ‘ಯುಟಿಲಿಟೇರಿಯನಿಸಂ’ ಮೊದಲು 1861ರಲ್ಲಿ ಪತ್ರಿಕೆಯಲ್ಲಿ, 1863ರಲ್ಲಿ ಪುಸ್ತಕವಾಗಿ ಬಂತು. ಐದು ಅಧ್ಯಾಯ. ಮೂಲವೇ ಇಂಗ್ಲಿಷ್, ಹಾಗಾಗಿ ಅನುವಾದದ ತಾಪತ್ರಯವಿಲ್ಲ. ವಾಕ್ಯಗಳು ಉದ್ದ, ನಿಜ, ಆದರೆ ಎರಡು ಸಲ ಓದಿದರೆ ಅರ್ಥವಾಗದ ವಾಕ್ಯ ಒಂದೂ ಇಲ್ಲ. ಎರಡನೆಯ ಮತ್ತು ಐದನೆಯ ಅಧ್ಯಾಯ ಓದಿದರೆ ಮುಕ್ಕಾಲು ಪುಸ್ತಕ ದಕ್ಕಿದಂತೆ.

ಹೆಚ್ಚು ಜನರ ಹೆಚ್ಚು ಸುಖ ಎಂಬ ವಿಚಾರಕ್ಕೆ ಮಿಲ್‌ಗಿಂತ ಮೊದಲೇ ಜೆರೆಮಿ ಬೆಂಥಮ್ ರೂಪ ಕೊಟ್ಟಿದ್ದ. ಮಿಲ್ ಮಾಡಿದ್ದು ಅದಕ್ಕೆ ಮನುಷ್ಯತ್ವ ತುಂಬುವ ಕೆಲಸ. ಸುಖದಲ್ಲೂ ತರತಮವಿದೆ, ತೃಪ್ತ ಹಂದಿಯಾಗಿರುವುದಕ್ಕಿಂತ ಅತೃಪ್ತ ಮನುಷ್ಯನಾಗಿರುವುದು ಮೇಲು ಎಂದ. ಅದನ್ನು ಲೆಕ್ಕ ಹಾಕುವುದು ಹೇಗೆ ಎಂಬ ತಕರಾರು ಅಂದಿನಿಂದ ಇಂದಿನವರೆಗೂ ತೀರಿಲ್ಲ.

ನಮ್ಮ ಪ್ರಸಂಗಕ್ಕೆ ಮಿಲ್ ಅಚ್ಚರಿ ಹುಟ್ಟಿಸುವಷ್ಟು ನೇರವಾಗಿ ಉತ್ತರಿಸುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಸತ್ಯವಂತಿಕೆಯ ಮಾತು ಬರುತ್ತದೆ. ಸಣ್ಣ ಅನುಕೂಲಕ್ಕೆ ಸುಳ್ಳು ಹೇಳುವವನು ಜನರು ಒಬ್ಬರ ಮಾತನ್ನೊಬ್ಬರು ನಂಬುವ ನೆಲೆಯನ್ನೇ ಸಡಿಲಿಸುತ್ತಾನೆ ಎಂದು ಮೊದಲು ಕಟ್ಟುನಿಟ್ಟಾಗಿ ಹೇಳಿ, ಆಮೇಲೆ ವಿನಾಯಿತಿಗೆ ಉದಾಹರಣೆ ಕೊಡುತ್ತಾನೆ: ದುಷ್ಕರ್ಮಿಯಿಂದ ಮಾಹಿತಿ ಮುಚ್ಚಿಡುವುದು, ಮತ್ತು ಅಪಾಯದ ಸ್ಥಿತಿಯಲ್ಲಿರುವ ರೋಗಿಯಿಂದ ಕೆಟ್ಟ ಸುದ್ದಿ ಮುಚ್ಚಿಡುವುದು. ಕೂಡಲೇ ಒಂದು ಬೇಲಿಯನ್ನೂ ಹಾಕುತ್ತಾನೆ. ವಿನಾಯಿತಿ ಅಗತ್ಯಕ್ಕಿಂತ ಆಚೆ ಹಬ್ಬದಂತೆ ಅದರ ಎಲ್ಲೆ ಗುರುತಿಸಿಕೊಳ್ಳಬೇಕು. ಅಂದರೆ ಮಕ್ಕಳ ಪರ ಮಿಲ್ ಇದ್ದಾನೆ, ಆದರೆ ಲೆಕ್ಕ ಕೇಳುತ್ತಾನೆ. ಗೊತ್ತಾದರೆ ಅಪ್ಪ ನಿಜವಾಗಿ ಕುಸಿಯುತ್ತಾರೆಯೇ? ಬಿಡಿಸಬೇಕಾದ ಆಸ್ತಿ ಪತ್ರ, ನೋಡಬೇಕಾದ ತಂಗಿ, ಮುಗಿಸಬೇಕಾದ ಮಾತು ಅವರಿಗೇನೂ ಇಲ್ಲವೇ? ಮುಂದೆ ಆ ಮನೆಯಲ್ಲಿ ಡಾಕ್ಟರ ಮಾತನ್ನು ಯಾರು ನಂಬುತ್ತಾರೆ?

ಕಾಂಟ್ ಮತ್ತು ಮಿಲ್ ನಡುವಿನ ಆಯ್ಕೆಯ ಸಾರ ಇಲ್ಲಿದೆ. ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿ ಹೀಗೆ ಬಹಳ ಜನರ ಹಿತವನ್ನು ಒಟ್ಟಿಗೆ ತೂಗುವ ಕೆಲಸ ನಿಮ್ಮದಾದರೆ ಮಿಲ್ ಹೆಚ್ಚು ಒದಗುತ್ತಾನೆ. ನಿಮ್ಮ ಮೇಲೆ ‘ಎಲ್ಲರ ಒಳ್ಳೆಯದಕ್ಕೆ’ ಎಂದು ಒತ್ತಡ ಬರುತ್ತಿದ್ದರೆ, ಮಣಿಯದೆ ನಿಲ್ಲಲು ಬೇಕಾದ ಮಾತು ಕಾಂಟನಲ್ಲಿದೆ.

ಮಿಲ್ ಬಗ್ಗೆ ಭಾರತದ ಓದುಗ ತಿಳಿದಿರಲೇಬೇಕಾದ ಸಂಗತಿಯೊಂದಿದೆ. 1823ರಿಂದ 1858ರವರೆಗೆ ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಭಾರತಕ್ಕೆ ಕಳಿಸುವ ಪತ್ರಗಳನ್ನು ಸಿದ್ಧಪಡಿಸುವುದು ಅವನ ಕೆಲಸವಾಗಿತ್ತು. ಒಮ್ಮೆಯೂ ಇಲ್ಲಿಗೆ ಬಂದವನಲ್ಲ. 1859ರ ‘ಆನ್ ಲಿಬರ್ಟಿ’ಯಲ್ಲಿ ವ್ಯಕ್ತಿಸ್ವಾತಂತ್ರ್ಯವನ್ನು ಅಷ್ಟು ಎತ್ತರಕ್ಕೆ ಒಯ್ದವನೇ, ‘ಹಿಂದುಳಿದ’ ಸಮಾಜಗಳಿಗೆ ಅದು ಅನ್ವಯಿಸದು, ಅವರ ಏಳಿಗೆಗಾಗಿ ನಿರಂಕುಶ ಆಳ್ವಿಕೆಯೂ ಸಲ್ಲುತ್ತದೆ ಎಂದು ಬರೆದ. ಆ ಸಾಲು ಓದುವಾಗ ನೋವಾಗುತ್ತದೆ. ಹೆಂಗಸರ ಸಮಾನತೆಗಾಗಿ ತನ್ನ ಕಾಲದವರನ್ನೆಲ್ಲ ಎದುರು ಹಾಕಿಕೊಂಡವನೂ ಅವನೇ ಎನ್ನುವುದನ್ನು ಅದರ ಜೊತೆಗಿಟ್ಟು ನೋಡಬೇಕು.

ಅರಿಸ್ಟಾಟಲ್: ನಿಧಾನಕ್ಕೆ ಓದುವವರಿಗೆ

ನನ್ನನ್ನು ಕೇಳಿದರೆ, ಸಮಯವಿದ್ದವರಿಗೆ ಅರಿಸ್ಟಾಟಲ್‌ಗಿಂತ (ಕ್ರಿ.ಪೂ. 384–322) ಒಳ್ಳೆಯ ಜೊತೆಗಾರ ಬೇರೆ ಇಲ್ಲ. ‘ನಿಕೊಮೇಕಿಯನ್ ಎಥಿಕ್ಸ್’ ಹತ್ತು ಭಾಗಗಳದ್ದು. ಪಾಠದ ಟಿಪ್ಪಣಿಗಳ ಹಾಗೆ ಒಣಗಿದೆ, ರಂಜನೆಯಿಲ್ಲ, ಅಲ್ಲಲ್ಲಿ ಒಂದೇ ಮಾತು ಎರಡು ಸಲ ಬರುತ್ತದೆ. ಆದರೆ ವಯಸ್ಸಾದಂತೆ ಈ ಪುಸ್ತಕ ಹೆಚ್ಚು ಹೆಚ್ಚು ನಿಜವಾಗುತ್ತಾ ಹೋಗುತ್ತದೆ. ಬದುಕಿನ ಅನುಭವವಿಲ್ಲದ ಎಳೆಯರಿಗೆ ಈ ವಿಷಯ ಹತ್ತುವುದಿಲ್ಲ ಎಂದು ಅವನೇ ಮೊದಲ ಭಾಗದಲ್ಲಿ ಎಚ್ಚರಿಸುತ್ತಾನೆ.

ಅವನ ನಿಲುವು ಸರಳ. ಕಟ್ಟುತ್ತ ಕಟ್ಟುತ್ತ ಗಾರೆಯವನಾಗುವಂತೆ, ನ್ಯಾಯವಾದದ್ದನ್ನು ಮಾಡುತ್ತ ಮಾಡುತ್ತ ಮನುಷ್ಯ ನ್ಯಾಯವಂತನಾಗುತ್ತಾನೆ. ಧೈರ್ಯ ಎನ್ನುವುದು ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇದೆ. ಔದಾರ್ಯ ಜಿಪುಣತನಕ್ಕೂ ದುಂದುಗಾರಿಕೆಗೂ ನಡುವೆ. ಆ ನಡುವನ್ನು ಅಳತೆಪಟ್ಟಿ ಹಿಡಿದು ಹುಡುಕಲಾಗದು. ಸಿಟ್ಟು ಯಾರಿಗೂ ಬರುತ್ತದೆ, ಆದರೆ ಸರಿಯಾದವರ ಮೇಲೆ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಪ್ರಮಾಣದಲ್ಲಿ ಸಿಟ್ಟಾಗುವುದು ಎಲ್ಲರಿಂದ ಆಗುವುದಿಲ್ಲ ಎನ್ನುತ್ತಾನೆ. ಆ ವಿವೇಕ ಪುಸ್ತಕದಿಂದ ಬರುವಂಥದ್ದಲ್ಲ, ವಿವೇಕಿಗಳನ್ನು ನೋಡಿ, ಮಾಡಿ, ತಿದ್ದಿಕೊಂಡು ಬರುವಂಥದ್ದು.

ಆಸ್ಪತ್ರೆಯ ಬಾಗಿಲಲ್ಲಿ ಅರಿಸ್ಟಾಟಲ್ ‘ಹೇಳಬೇಕೋ ಬೇಡವೋ’ ಎಂಬ ಪ್ರಶ್ನೆಯನ್ನೇ ಹಿಗ್ಗಿಸುತ್ತಾನೆ. ಯಾರು ಹೇಳಬೇಕು? ದೊಡ್ಡ ಮಗನೋ, ಅವರು ನಂಬುವ ಹಳೆಯ ಡಾಕ್ಟರೋ? ಒಂದೇ ಸಲ ಎಲ್ಲವನ್ನೂ ಹೇಳಬೇಕೋ, ಅವರು ಕೇಳಿದಷ್ಟು ಕೇಳಿದಷ್ಟು ಹೇಳುತ್ತಾ ಹೋಗಬೇಕೋ? ಅವರಿಗೆ ಬಂದಿರುವುದು ಎಂಥ ಸ್ವಭಾವ? ಕಾಯಿಲೆಯವರನ್ನು ನೋಡಿಕೊಂಡು ಪಳಗಿದ ನರ್ಸ್‌ಗಳು ಯಾವ ತತ್ತ್ವವನ್ನೂ ಓದದೆ ಹೀಗೆಯೇ ಯೋಚಿಸುವುದನ್ನು ನಾನು ಕಂಡಿದ್ದೇನೆ. ಖಚಿತ ನಿಯಮ ಬೇಕೆನ್ನುವವರಿಗೆ, ಪರೀಕ್ಷೆಯಲ್ಲಿ ಎರಡು ಸಾಲಿನ ಉತ್ತರ ಬೇಕೆನ್ನುವವರಿಗೆ ಈ ದಾರಿ ಆಗಿಬರುವುದಿಲ್ಲ.

ಪೂರ್ತಿ ಓದಬೇಕೆಂದೇನೂ ಇಲ್ಲ. ಮೊದಲ ಭಾಗದಲ್ಲಿ ಆರನೆಯ ಅಧ್ಯಾಯ ಬಿಡಿ, ಅದು ಪ್ಲೇಟೊನ ಮೇಲಿನ ಆಕ್ಷೇಪ, ಹಿನ್ನೆಲೆ ಗೊತ್ತಿಲ್ಲದವರಿಗೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಗುತ್ತದೆ. ಎರಡನೆಯ ಭಾಗ ಪೂರ್ತಿ, ಆಮೇಲೆ ನೇರ ಎಂಟು ಮತ್ತು ಒಂಬತ್ತಕ್ಕೆ ಹೋಗಿ. ಅವೆರಡೂ ಸ್ನೇಹದ ಬಗ್ಗೆ. ಉಪಯೋಗಕ್ಕಾಗಿ ಕೂಡಿದ ಸ್ನೇಹ, ಖುಷಿಗಾಗಿ ಕೂಡಿದ ಸ್ನೇಹ, ಒಳ್ಳೆಯತನ ಕಂಡು ಕೂಡಿದ ಸ್ನೇಹ ಎಂದು ಅವನು ಬಿಡಿಸುವುದನ್ನು ಓದುವಾಗ ನಿಮ್ಮ ಫೋನಿನಲ್ಲಿರುವ ಹೆಸರುಗಳು ಒಂದೊಂದಾಗಿ ಕಣ್ಮುಂದೆ ಬರುತ್ತವೆ.

ಅವನ ಮೇಲಿನ ಕಳಂಕವೂ ದೊಡ್ಡದೇ. ‘ಪಾಲಿಟಿಕ್ಸ್’ ಕೃತಿಯಲ್ಲಿ ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಸಮರ್ಥಿಸಿದ, ಹೆಂಗಸರನ್ನು ಗಂಡಸರ ಆಳ್ವಿಕೆಯ ಕೆಳಗಿಟ್ಟ. ಹುಟ್ಟಿನಿಂದ ಮನುಷ್ಯರನ್ನು ಅಳೆಯುವ ವ್ಯವಸ್ಥೆಯ ಪೆಟ್ಟು ತಿಂದ ಸಮಾಜದವರಿಗೆ ಇದು ಎಂಥ ಮಾತೆಂದು ಹೇಳಬೇಕಾಗಿಲ್ಲ.

ಸ್ಟೋಯಿಕರು: ಮನಸ್ಸು ಕದಡಿದಾಗ

ಎಪಿಕ್ಟೆಟಸ್ ಗುಲಾಮನಾಗಿ ಬದುಕಿದವನು. ಬಿಡುಗಡೆಯಾದ ಮೇಲೆ ಗುರುವಾದ, ಅವನ ಮಾತುಗಳನ್ನು ಶಿಷ್ಯ ಆರಿಯನ್ ಬರೆದಿಟ್ಟ. ಅದರಿಂದ ಆಯ್ದ ಕೈಪಿಡಿ ‘ಎಂಕಿರಿಡಿಯನ್’, 53 ತುಣುಕುಗಳು, ಕೆಲವು ಎರಡೇ ಸಾಲು. ಎಲ್ಲಿಂದ ತೆರೆದರೂ ಓದಬಹುದು, ಎಲ್ಲಿ ಬಿಟ್ಟರೂ ನಷ್ಟವಿಲ್ಲ. ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಎನ್ನುವುದರಿಂದಲೇ ಶುರು. ಜನರನ್ನು ಕದಡುವುದು ಸಂಗತಿಗಳಲ್ಲ, ಆ ಸಂಗತಿಗಳ ಬಗ್ಗೆ ಅವರು ಕಟ್ಟಿಕೊಂಡ ಎಣಿಕೆ ಎಂಬ ಐದನೆಯ ತುಣುಕು ಇಪ್ಪತ್ತನೆಯ ಶತಮಾನದಲ್ಲಿ ಮನೋಚಿಕಿತ್ಸೆಯ ಒಂದು ಪದ್ಧತಿಗೇ ಪ್ರೇರಣೆಯಾಯಿತು. ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನಗಾಗಿ ಬರೆದುಕೊಂಡ 12 ಭಾಗಗಳ ಟಿಪ್ಪಣಿಗಳು ಇನ್ನೂ ಮೃದು, ಆದರೆ ಮೊದಲ ಓದಿಗೆ ಎಪಿಕ್ಟೆಟಸ್‌ನೇ ಸರಿ.

ದುಃಖದಲ್ಲಿರುವವರಿಗೆ, ಕೆಲಸ ಕಳೆದುಕೊಂಡವರಿಗೆ, ಅಪ್ಪನ ಹಾಸಿಗೆಯ ಪಕ್ಕ ರಾತ್ರಿ ಕೂತವರಿಗೆ ಇದನ್ನೇ ಕೊಡುತ್ತೇನೆ. ಆದರೆ ಒಂದು ಎಚ್ಚರಿಕೆ. ಮೂವತ್ತನೆಯ ತುಣುಕಿನಲ್ಲಿ, ತಂದೆ ಕೆಟ್ಟವನು ಎಂದು ದೂರುವವನಿಗೆ ಎಪಿಕ್ಟೆಟಸ್ ಕೇಳುತ್ತಾನೆ: ಪ್ರಕೃತಿ ನಿನಗೆ ಒಳ್ಳೆಯ ತಂದೆಯನ್ನು ಕೊಡುತ್ತೇನೆಂದು ಹೇಳಿತ್ತೇ? ಕೊಟ್ಟದ್ದು ತಂದೆಯನ್ನು, ಅಷ್ಟೇ. ಮುನಿಸಿಕೊಂಡ ಮಗನಿಗೆ ಇದು ಔಷಧಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಇದೇ ಮಾತು ಬಾಯಿ ಮುಚ್ಚಿಸುವ ಅಸ್ತ್ರವಾಗಿಬಿಡಬಹುದು. ಸಹಿಸಬೇಕಾದದ್ದು ಯಾವುದು, ಬದಲಿಸಬೇಕಾದ ಅನ್ಯಾಯ ಯಾವುದು ಎಂಬುದಕ್ಕೆ ಸ್ಟೋಯಿಕರೊಬ್ಬರೇ ಸಾಲುವುದಿಲ್ಲ.

ಇನ್ನುಳಿದವರು

ಪೀಟರ್ ಸಿಂಗರ್ ಅವರ ‘ಕ್ಷಾಮ, ಸಮೃದ್ಧಿ ಮತ್ತು ನೈತಿಕತೆ’ ಎಂಬ ಲೇಖನ 1972ರಲ್ಲಿ ಪ್ರಕಟವಾಯಿತು. ಸುಮಾರು ಹದಿನೈದು ಪುಟ. ಬರೆದದ್ದು 1971ರ ನವೆಂಬರ್‌ನಲ್ಲಿ, ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷಗಟ್ಟಲೆ ಭಾರತಕ್ಕೆ ಬರುತ್ತಿದ್ದಾಗ, ಅವರನ್ನು ಕುರಿತೇ. ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದೆ, ಬಟ್ಟೆ ಕೆಸರಾಗುತ್ತದೆಂದು ನೀವು ನಿಲ್ಲುತ್ತೀರಾ? ಇಲ್ಲ ಅಂದರೆ, ದೂರದಲ್ಲಿರುವ ಮಗುವಿಗೆ ಮಾತ್ರ ಯಾಕೆ ಬೇರೆ ನ್ಯಾಯ? ಓದಿ ಮುಗಿಸಿದ ಮೇಲೆ ಬ್ಯಾಂಕ್ ಖಾತೆ ನೋಡುವ ಕಣ್ಣೇ ಬದಲಾಗುವ ಬರಹ. ಕಾಲೇಜಿನ ಹುಡುಗ ಹುಡುಗಿಯರಿಗೆ ಮೊದಲ ಓದಾಗಿ ನಾನು ಕೊಡುವುದು ಇದನ್ನೇ, ಏಕೆಂದರೆ ಒಪ್ಪದಿರಲು ಅವರು ಕಷ್ಟಪಟ್ಟು ಯೋಚಿಸಲೇಬೇಕಾಗುತ್ತದೆ.

ಡೇವಿಡ್ ಹ್ಯೂಮ್ (1711–1776) ನೀತಿಯ ಬೇರು ತರ್ಕದಲ್ಲಿಲ್ಲ, ಮನುಷ್ಯನ ಮಿಡಿಯುವ ಭಾವದಲ್ಲಿದೆ ಎಂದ. 1751ರ ಅವನ ನೀತಿ ಗ್ರಂಥವನ್ನು ತನ್ನ ಬರಹಗಳಲ್ಲೆಲ್ಲ ಅತ್ಯುತ್ತಮ ಎಂದು ತಾನೇ ಭಾವಿಸಿದ್ದ. ಸೊಗಸಾದ ಗದ್ಯ, ಎರಡನೆಯ ಓದಿಗೆ ಇರಲಿ. ನೀಚೆಯ 1887ರ ‘ಜೀನಿಯಾಲಜಿ’ಯನ್ನು ಮೊದಲು ಓದಬೇಡಿ. ಕೆಡಹುವವನನ್ನು ಓದುವ ಮೊದಲು ಅವನು ಏನನ್ನು ಕೆಡಹುತ್ತಿದ್ದಾನೆಂದು ಗೊತ್ತಿರಬೇಕು. ಜಾನ್ ರಾಲ್ಸ್ 1971ರಲ್ಲಿ ತಂದ ನ್ಯಾಯದ ಮಹಾಗ್ರಂಥ ಆರುನೂರು ಪುಟದ ಹತ್ತಿರ. ಹುಟ್ಟುವ ಮುನ್ನ ಯಾವ ಜಾತಿ, ಯಾವ ಲಿಂಗ, ಯಾವ ಮನೆ ಎಂದು ಗೊತ್ತಿಲ್ಲದಿದ್ದರೆ ಎಂಥ ಸಮಾಜವನ್ನು ಆರಿಸುತ್ತಿದ್ದೆ ಎಂಬ ಅವರ ಕಲ್ಪನೆಯನ್ನು ನಮ್ಮ ನೆಲದಲ್ಲಿಟ್ಟು ಯೋಚಿಸುವುದು ಒಂದು ದೊಡ್ಡ ಅಭ್ಯಾಸ. ಅದಕ್ಕೆ ಮೊದಲ ಕೆಲವು ಅಧ್ಯಾಯ ಸಾಕು.

ಈ ಪಟ್ಟಿಯಲ್ಲಿ ಹೆಂಗಸರೇ ಇಲ್ಲವಲ್ಲ ಎಂದು ಕೇಳುವವರ ಪ್ರಶ್ನೆ ಸರಿಯಾದದ್ದು. ಎಲಿಜಬೆತ್ ಆನ್ಸ್‌ಕಂಬ್ 1956ರಲ್ಲಿ, ಹಿರೋಷಿಮಾದ ಮೇಲೆ ಬಾಂಬ್ ಹಾಕಿಸಿದ ಟ್ರೂಮನ್‌ಗೆ ಆಕ್ಸ್‌ಫರ್ಡ್ ಗೌರವ ಪದವಿ ಕೊಡುವುದನ್ನು ವಿರೋಧಿಸಿ ನಿಂತರು. ಅರಿಸ್ಟಾಟಲ್ ಮತ್ತೆ ಚಿಂತನೆಯ ನಡುಮನೆಗೆ ಬಂದದ್ದರಲ್ಲಿ 1958ರ ಅವರ ಪ್ರಬಂಧದ ಪಾಲು ದೊಡ್ಡದು. ಹಿಡಿತ ತಪ್ಪಿ ಓಡುವ ಟ್ರಾಮನ್ನು ಐವರ ಬದಲು ಒಬ್ಬನ ಮೇಲೆ ತಿರುಗಿಸಬಹುದೇ ಎಂಬ ಪ್ರಸಿದ್ಧ ಒಗಟು 1967ರಲ್ಲಿ ಫಿಲಿಪಾ ಫುಟ್ ಬರೆದದ್ದು. ನೀತಿಯನ್ನು ನಿಯಮಗಳಿಂದಲ್ಲ, ಆರೈಕೆ ಮತ್ತು ಸಂಬಂಧಗಳಿಂದ ನೋಡಬೇಕೆಂದು ಕ್ಯಾರಲ್ ಗಿಲಿಗನ್ 1982ರಲ್ಲಿ ವಾದಿಸಿದರು. ಆಸ್ಪತ್ರೆಯ ಹೊರಗೆ ನಿಂತ ಆ ಮಕ್ಕಳ ಸಂಕಟಕ್ಕೆ ಕಾಂಟ್, ಮಿಲ್ ಇಬ್ಬರಿಗಿಂತ ಗಿಲಿಗನ್ ಹತ್ತಿರ ಎಂದು ನನಗನಿಸುತ್ತದೆ.

ಮೂಲ ಓದಬೇಕೋ, ಪರಿಚಯ ಪುಸ್ತಕ ಸಾಕೋ

ಇದು ಸಮಯ ಮತ್ತು ಗುರಿಯ ಮೇಲೆ ನಿಂತ ಪ್ರಶ್ನೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 2013ರಿಂದ 250 ಅಂಕಗಳ ನೀತಿ ಪತ್ರಿಕೆ ಇದೆ. ಭಾರತದ ಮತ್ತು ಜಗತ್ತಿನ ನೈತಿಕ ಚಿಂತಕರ ಕೊಡುಗೆ ಅದರ ಪಠ್ಯಭಾಗ. ಆ ಗಡಿಬಿಡಿಯಲ್ಲಿರುವವರಿಗೆ ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರ ‘ಜಸ್ಟಿಸ್’ ತರಗತಿಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ, 12 ಕಂತು. ಅವನ್ನು ನೋಡಿ, ಮಿಲ್‌ನ ಎರಡನೆಯ ಅಧ್ಯಾಯ ಮತ್ತು ಕಾಂಟನ ಮೊದಲ ಅಧ್ಯಾಯವನ್ನು ಮಾತ್ರ ಮೂಲದಲ್ಲಿ ಓದಿದರೆ ಪ್ರಕರಣಗಳ ಪ್ರಶ್ನೆಗಳಿಗೆ ಬರೆಯುವ ಉತ್ತರದ ಮಟ್ಟವೇ ಬೇರೆಯಾಗುತ್ತದೆ. ಕೋಚಿಂಗ್ ನೋಟ್ಸಿನಲ್ಲಿ ಚಿಂತಕರ ಹೇಳಿಕೆಗಳನ್ನಷ್ಟೇ ಬಾಯಿಪಾಠ ಮಾಡಿದವರ ಉತ್ತರ ಎಲ್ಲವೂ ಒಂದೇ ತರಹ ಕಾಣುತ್ತದೆ. ಪುಸ್ತಕವೇ ಬೇಕೆನ್ನುವವರಿಗೆ ಜೇಮ್ಸ್ ರೇಚಲ್ಸ್ ಬರೆದ ‘ದಿ ಎಲಿಮೆಂಟ್ಸ್ ಆಫ್ ಮಾರಲ್ ಫಿಲಾಸಫಿ’ ಅಚ್ಚುಕಟ್ಟಾಗಿದೆ. ಪಠ್ಯಪುಸ್ತಕದ ಬೆಲೆ ಇರುವುದರಿಂದ ಗ್ರಂಥಾಲಯದಲ್ಲೋ ಹಳೆಯ ಪುಸ್ತಕದಂಗಡಿಯಲ್ಲೋ ಹುಡುಕುವುದು ಒಳ್ಳೆಯದು.

ಪರಿಚಯ ಪುಸ್ತಕದಿಂದ ನಕ್ಷೆ ಸಿಗುತ್ತದೆ, ಚಿಂತಕನ ದನಿ ಸಿಗುವುದಿಲ್ಲ. ರೋಗಿಯಿಂದ ಕೆಟ್ಟ ಸುದ್ದಿ ಮುಚ್ಚಿಡುವ ಬಗ್ಗೆ ಮಿಲ್ ಹೇಳಿದ್ದು ಅನೇಕ ಸಾರಾಂಶಗಳಲ್ಲಿ ಬಿಟ್ಟುಹೋಗಿರುತ್ತದೆ. ಅಂಥ ಒಂದೊಂದು ಸಾಲಿಗಾಗಿಯೇ ಮೂಲ ಓದಬೇಕು.

ಖರ್ಚಿನ ಮಾತಿಗೆ ಬಂದರೆ ನೀತಿಶಾಸ್ತ್ರ ಅಗ್ಗದ ಹವ್ಯಾಸ. ಪ್ಲೇಟೊ, ಎಪಿಕ್ಟೆಟಸ್, ಮಿಲ್ ಎಲ್ಲರೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಅರಿಸ್ಟಾಟಲ್‌ಗೆ ಡಬ್ಲ್ಯು.ಡಿ. ರಾಸ್ ಮಾಡಿದ ಅನುವಾದ ಎಂಐಟಿಯ ಕ್ಲಾಸಿಕ್ಸ್ ತಾಣದಲ್ಲಿದೆ. ಇಂಗ್ಲಿಷ್ ಅಷ್ಟು ಸಲೀಸಲ್ಲದವರಿಗೆ ದೊಡ್ಡ ಉಪಕಾರ ಮಾಡಿದವರು ಜೊನಾಥನ್ ಬೆನೆಟ್. ಕಾಂಟ್, ಹ್ಯೂಮ್, ಮಿಲ್ ಮೊದಲಾದವರ ಕೃತಿಗಳನ್ನು ಇಂದಿನ ಸರಳ ಇಂಗ್ಲಿಷಿಗೆ ಇಳಿಸಿ ‘ಅರ್ಲಿ ಮಾಡರ್ನ್ ಟೆಕ್ಸ್ಟ್ಸ್’ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ವಾಕ್ಯ ಒಡೆದು, ಕಷ್ಟದ ಜಾಗದಲ್ಲಿ ವಿವರಣೆ ಸೇರಿಸಿದ್ದಾರೆ. ಕಾಂಟನನ್ನು ಬಿಟ್ಟುಕೊಟ್ಟವರು ಈ ರೂಪದಲ್ಲಿ ಇನ್ನೊಮ್ಮೆ ಪ್ರಯತ್ನಿಸಬೇಕು. ದುಡ್ಡು ಕೊಟ್ಟು ಕೊಳ್ಳುವುದಾದರೆ ಅರಿಸ್ಟಾಟಲ್‌ನದೊಂದನ್ನು ಕೊಳ್ಳಿ, ಟಿಪ್ಪಣಿಗಳಿರುವ ಹೊಸ ಆವೃತ್ತಿಯನ್ನೇ. ಉಳಿದವರನ್ನು ಪರದೆಯ ಮೇಲೆ ಓದಬಹುದು, ಇವನನ್ನು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕದೆ ಓದುವುದು ಕಷ್ಟ.

ಇನ್ನೊಂದು ಸಲಹೆ. ಒಬ್ಬನನ್ನೇ ಓದಿ ನಿಲ್ಲಿಸಬೇಡಿ, ಅವನ ಎದುರಾಳಿಯನ್ನೂ ಜೊತೆಗೇ ಇಟ್ಟುಕೊಳ್ಳಿ. ಮಿಲ್ ಓದಿದರೆ ಕಾಂಟನ ಅಂಗಡಿಯವನನ್ನು, ಎಪಿಕ್ಟೆಟಸ್ ಓದಿದರೆ ಸಿಂಗರ್ ಅವರ ಲೇಖನವನ್ನು, ಕಾಂಟ್ ಓದಿದರೆ ಅರಿಸ್ಟಾಟಲ್‌ನ ಎರಡನೆಯ ಭಾಗವನ್ನು. ಸಂಜೆಗೆ ಒಂದು ಗಂಟೆ ಮಾತ್ರ ಇದ್ದು, ಮೇಲಿನ ಯಾವ ಬಗೆಗೂ ನಾನು ಸೇರುವುದಿಲ್ಲ ಎನ್ನುವವರು ‘ಕ್ರೀಟೊ’ದಿಂದ ಶುರು ಮಾಡಿ. ಓದಿ ಮುಗಿದ ಮೇಲೆ ಸಾಕ್ರಟೀಸ್ ತಪ್ಪಿಸಿಕೊಂಡು ಹೋಗಬೇಕಿತ್ತು ಎನಿಸಿದರೆ ಮುಂದೆ ಮಿಲ್, ಅವನು ಸೆರೆಮನೆಯಲ್ಲಿ ಉಳಿದದ್ದೇ ಸರಿ ಎನಿಸಿದರೆ ಕಾಂಟ್, ಸಾಯುವ ದಿನ ಅಷ್ಟು ಹತ್ತಿರವಿದ್ದೂ ಅವನಿಗೆ ನಿದ್ದೆ ಹೇಗೆ ಬಂತು ಎನ್ನುವುದೇ ತಲೆಯಲ್ಲಿ ಉಳಿದರೆ ಎಪಿಕ್ಟೆಟಸ್.